ಒಂದೂಕಾಲು ಮೊಳ ದಾರ: ಕಸೂತಿಗೆ ಕುಳಿತಾಗ ಕೇಳದೆ ಹೋಗುತ್ತಿದ್ದ ಕರೆಗಳ ಬಗ್ಗೆ ನನ್ನ ಅನುಭವ

ಕಸೂತಿಯ ದಾರವನ್ನು ಒಂದೂಕಾಲು ಮೊಳಕ್ಕಿಂತ ಉದ್ದ ಕತ್ತರಿಸುವುದನ್ನು ನಾನು ಬಿಟ್ಟು ಎರಡು ವರ್ಷದ ಮೇಲಾಯಿತು. ಹಾಗೆ ಮಾಡಬೇಡ, ಸೀರೆಯ ಹಿಂಬದಿ ಹಾಳಾಗುತ್ತದೆ, ಕೂಲಿ ಗಿಟ್ಟುವುದಿಲ್ಲ ಎಂದು ನನ್ನ ಜೊತೆ ಹೊಲಿಯುವವರಲ್ಲಿ ಹೇಳದವರಿಲ್ಲ. ಅವರಲ್ಲಿ ಮೂವರು ಈಗ ನನ್ನ ಅಳತೆಗೇ ದಾರ ಕತ್ತರಿಸುತ್ತಾರೆ. ಹೊಲಿಯಲು ಕುಳಿತರೆ ಮನೆಯವರು ಕೂಗಿದ್ದು, ಬಾಗಿಲು ಬಡಿದದ್ದು, ಫೋನು ಬಂದದ್ದು ಒಂದೂ ಅರಿವಿಗೆ ಬಾರದೆ ಹೋಗುವ ತೊಂದರೆ ನಮ್ಮ ಕಸಬಿನಲ್ಲಿ ಅನೇಕರಿಗೆ ಇದೆ. ನನಗೆ ಅದು ಹೆಚ್ಚೇ ಇತ್ತು. ಆ ತೊಂದರೆಗೆ ನಾನು ದಾರದ ಅಳತೆಯಲ್ಲಿ ದಾರಿ ಕಂಡುಕೊಂಡ ಬಗೆಯನ್ನು, ಅದಕ್ಕೆ ಮೊದಲು ಕಳೆದ ಹಣವನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿದೆ. ರೈಲು ಹಳಿ ಸಮೀಪವಿರುವುದರಿಂದ ಗಾಡಿ ಹೋದರೆ ಅಟ್ಟದ ಮೇಲಿನ ಪಾತ್ರೆಗಳು ಸಣ್ಣಗೆ ನಡುಗುತ್ತವೆ. ಇಳಕಲ್ ಸೀರೆಯ ಸೆರಗಿನಲ್ಲಿ ಗೋಪುರದ ಚಿತ್ತಾರಕ್ಕೆ ಬಟ್ಟೆಯ ಎಳೆ ಎಣಿಸುತ್ತ ಕುಳಿತ ನನಗೆ ಆ ರೈಲೂ ಕೇಳುತ್ತಿರಲಿಲ್ಲ. ‘ಎಷ್ಟ ಒದರಿದ್ರೂ ಓ ಅನ್ನಂಗಿಲ್ಲ ನೋಡ್ರಿ ಈಕಿ’ ಎಂದು ಅತ್ತೆಯವರು ಎದುರುಮನೆಯವರ ಮುಂದೆ ಹೇಳುವುದು ವಾಡಿಕೆಯಾಗಿತ್ತು. ಕಿವಿ ಮಂದವಾಗಿರಬಹುದೆಂದು ವೈದ್ಯರಿಗೂ ತೋರಿಸಿದೆವು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಎರಡೂ ಕಿವಿ ಚೆನ್ನಾಗಿವೆ ಎಂದು ಹೇಳಿ ಕಳುಹಿಸಿದರು. ಅದಕ್ಕೆ ಏಳುನೂರು ರೂಪಾಯಿ ಹಿಡಿಯಿತು.

ಹಣದ ಪೆಟ್ಟು ಬಿದ್ದದ್ದು ಒಂದು ಮದುವೆಯ ಸೀರೆಯಲ್ಲಿ. ಕಪ್ಪು ಚಂದ್ರಕಾಳಿ ಸೀರೆ, ಸೆರಗಿನಲ್ಲಿ ತೇರು ಮತ್ತು ಆನೆ ಅಂಬಾರಿ, ಒಡಲಿಗೆ ಅಲ್ಲಲ್ಲಿ ತುಳಸಿಕಟ್ಟೆ. ಸೀರೆಗೆ ನಾಲ್ಕೂವರೆ ಸಾವಿರ ನನ್ನ ಕೈಯಿಂದಲೇ ಹಾಕಿದ್ದೆ; ಮಜೂರಿ ಆರೂವರೆ ಸಾವಿರ ಎಂದು ಮಾತಾಗಿತ್ತು. ಕೆಲಸ ಮುಗಿಸಿ, ಇಸ್ತ್ರಿ ಮಾಡಿಸಿ, ಮಡಿಚಿ ಕಪಾಟಿನಲ್ಲಿ ಇಟ್ಟಿದ್ದೆ. ಸೀರೆ ಹೇಳಿದ್ದ ಗಿರಾಕಿಯ ಸಂಬಂಧಿಕರೊಬ್ಬರು, ಸಂಜೆಯ ಗಾಡಿಗೆ ಬೆಂಗಳೂರಿಗೆ ಹೋಗುವವರು ಮಧ್ಯಾಹ್ನ ಬಂದು ಬಾಗಿಲು ಬಡಿದಿದ್ದಾರೆ, ಫೋನಿನಲ್ಲಿ ಒಂಬತ್ತು ಸಲ ಕರೆದಿದ್ದಾರೆ. ಆಗ ನಾನು ಒಳಗಿನ ಕೋಣೆಯಲ್ಲಿ ಬೇರೊಬ್ಬರ ಖಣದ ಕುಪ್ಪಸಕ್ಕೆ ತೋಳಿನ ಸಾಲು ಹಾಕುತ್ತಿದ್ದೆ. ಅವರು ಬರಿಗೈಯಲ್ಲಿ ಹೋದರು, ಮದುವೆ ಮುಗಿಯಿತು, ಸೀರೆ ನನ್ನಲ್ಲೇ ಉಳಿಯಿತು. ಎಂಟು ತಿಂಗಳ ನಂತರ ಅದು ಎಂಟು ಸಾವಿರಕ್ಕೆ ಮಾರಾಟವಾಯಿತು. ಮೂರು ಸಾವಿರ ಹೋಯಿತು, ಒಳ್ಳೆಯ ಗಿರಾಕಿಯ ಮನೆಯೂ ಕೈಬಿಟ್ಟಿತು.

ಅದನ್ನಾದರೂ ತಡೆದುಕೊಂಡೆ, ಮಾವನವರ ವಿಷಯದಲ್ಲಿ ಆದದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಒಂದು ದಿನ ಊಟ ತಡವಾಗಿ, ಮಧ್ಯಾಹ್ನ ಸಕ್ಕರೆ ಇಳಿದು, ಮೈ ಬೆವತು, ‘ಯವ್ವಾ, ನೀರ ತಾ’ ಎಂದು ಮಂಚದ ಮೇಲಿಂದ ಕರೆದಿದ್ದಾರೆ. ನಾನು ನಡುಮನೆಯಲ್ಲಿ, ಅವರ ಮಂಚದಿಂದ ಹತ್ತು ಅಡಿ ದೂರದಲ್ಲಿ, ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸಿ ಕುಳಿತಿದ್ದೆ. ಗೋಡೆಯಾಚೆ ಇರುವ ನೆರೆಮನೆಯಾಕೆಗೆ ಕೇಳಿದ ದನಿ ನನಗೆ ಕೇಳಲಿಲ್ಲ. ಆಕೆ ಓಡಿಬಂದು ನನ್ನ ಭುಜ ಹಿಡಿದು ಅಲುಗಿಸಿದಾಗ ನಾನು ‘ಹದಿನಾಲ್ಕು’ ಎಂದೆನಂತೆ. ಸಕ್ಕರೆ ನೀರು ಕುಡಿಸಿದ ಮೇಲೆ ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು. ಹನ್ನೊಂದು ದಿನ ನಾನು ಸೂಜಿ ಮುಟ್ಟಲಿಲ್ಲ.

ಮತ್ತೆ ಮುಟ್ಟಲೇಬೇಕಿತ್ತು, ಏಕೆಂದರೆ ಮನೆಯ ಖರ್ಚಿನಲ್ಲಿ ಅರ್ಧ ಈ ಕೆಲಸದಿಂದ ಬರುತ್ತದೆ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋನಿನ ದನಿ ಪೂರ್ತಿ ಏರಿಸಿದೆ. ನಾನೂರೈವತ್ತು ರೂಪಾಯಿ ಕೊಟ್ಟು ತಂತಿಯಿಲ್ಲದ ಕರೆಗಂಟೆ ತಂದು, ಅದರ ಗುಂಡಿಯನ್ನು ಮಾವನವರ ದಿಂಬಿನ ಬಳಿ ಇಟ್ಟೆ. ಮೊದಲ ವಾರ ಗಂಟೆಗೆ ಬೆಚ್ಚಿ ಏಳುತ್ತಿದ್ದೆ, ಎರಡನೆಯ ವಾರಕ್ಕೆ ಅದೂ ರೈಲಿನ ಸಾಲಿಗೆ ಸೇರಿತು. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ನಡುಕಕ್ಕೆ ಹಾಕಿ ನೋಡಿದೆ. ಅದು ನಾಲ್ಕೈದು ಸಲದಲ್ಲಿ ಎರಡು ಸಲ ತಿಳಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಅರ್ಧ ಗಂಟೆಗೊಮ್ಮೆ ಬಡಿಯುವ ಅಲಾರಂ. ಅದನ್ನು ಕಿವಿಯ ಪಕ್ಕದಲ್ಲೇ ಇಟ್ಟಿದ್ದರಿಂದ ಕೇಳಿಸುತ್ತಿತ್ತು, ಆದರೆ ಎಣಿಕೆಯ ನಡುವೆ ಬಡಿಯುತ್ತಿತ್ತು. ಒಂದು ಎಳೆ ತಪ್ಪಿದರೆ ಗೋಪುರದ ಎರಡು ಮಗ್ಗುಲು ಕೂಡುವುದಿಲ್ಲ ಎಂಬುದು ಹೊಲಿಯುವವರಿಗೆಲ್ಲ ಗೊತ್ತು. ಒಂದೇ ವಾರದಲ್ಲಿ ಮೂರು ಕಡೆ ಬಿಚ್ಚಿದೆ. ಕಪ್ಪು ಬಟ್ಟೆಯಲ್ಲಿ ಬಿಚ್ಚಿದ ಬಿಳಿ ದಾರದ ನವಿರು ಉಳಿದುಕೊಂಡು, ಅದನ್ನು ಹೆಕ್ಕುವುದಕ್ಕೇ ಒಂದು ಹೊತ್ತು ಹಿಡಿಯಿತು.

ಆಕಾಶವಾಣಿ ಹಚ್ಚಿಕೊಂಡು ಹೊಲಿಯುವುದು ನನ್ನ ರೂಢಿ. ಧಾರವಾಡ ನಿಲಯ 1950ರಲ್ಲಿ ಆರಂಭವಾದದ್ದು. ನಮ್ಮ ಅಜ್ಜಿಯ ಕಾಲದಿಂದ ಮನೆಯಲ್ಲಿ ಅದರ ದನಿ ಇದೆ. ರೇಡಿಯೋದಿಂದಲೇ ಕಿವಿ ಕಟ್ಟುತ್ತದೆಂದು ಎಲ್ಲರೂ ಹೇಳಿದ್ದರಿಂದ ಹದಿನೈದು ದಿನ ಬಂದ್ ಮಾಡಿ ನೋಡಿದೆ. ಏನೂ ವ್ಯತ್ಯಾಸವಾಗಲಿಲ್ಲ, ಮನೆ ಬಿಕೋ ಎಂದದ್ದು ಅಷ್ಟೇ ಬಂತು. ಈಗ ಮತ್ತೆ ಹಚ್ಚುತ್ತೇನೆ.

ದಾರಿ ತೋರಿದ್ದು ಮಗಳು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಅವಳು, ಇದು ಕಿವಿಯ ದೋಷವಲ್ಲ, ಕಣ್ಣು ಪೂರ್ತಿ ದುಡಿಯುವಾಗ ಕಿವಿಯಿಂದ ಬಂದದ್ದಕ್ಕೆ ಮೆದುಳಿನಲ್ಲಿ ಜಾಗ ಸಿಗುವುದಿಲ್ಲ ಎಂದಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2015ರಲ್ಲಿ ಮೆದುಳಿನ ಸ್ಪಂದನೆಯನ್ನೇ ಅಳೆದು ಅದನ್ನು ಕಂಡಿದ್ದಾರಂತೆ. ಒಂದು ಕಿವಿಯ ಮಾತಿಗೆ ಗಮನ ಕೊಟ್ಟವರಿಗೆ ಇನ್ನೊಂದು ಕಿವಿಯಲ್ಲಿ ಅವರ ಹೆಸರನ್ನೇ ಹೇಳಿದರೂ ಮೂವರಲ್ಲಿ ಒಬ್ಬರಿಗಷ್ಟೇ ತಿಳಿಯಿತು ಎಂದು ನೆವಿಲ್ ಮೊರೇ ಎಂಬವರು 1959ರಲ್ಲಿಯೇ ಬರೆದಿದ್ದಾರಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತಾದರೂ, ಸಮಾಧಾನದಿಂದ ಮಾವನವರಿಗೆ ನೀರು ಮುಟ್ಟುವುದಿಲ್ಲ. ಹಾಗಾದರೆ ಕಣ್ಣು ಯಾವಾಗ ಬಿಡುವಾಗಿರುತ್ತದೆ, ಅದನ್ನು ನೋಡೋಣ ಎಂದೆ.

ಅದಕ್ಕೆ ಒಂದು ಹಳೆಯ ನೋಟುಬುಕ್ಕಿನಲ್ಲಿ ಲೆಕ್ಕ ಇಟ್ಟೆವು. ನಾನು ಹೊಲಿಯುವಾಗ ಅವಳು ಬಾಗಿಲ ಬಳಿ ನಿಂತು, ಮಾವನವರ ದನಿಯಷ್ಟೇ ಮೆಲ್ಲಗೆ ‘ಅವ್ವಾ’ ಎನ್ನಬೇಕು, ಆ ಹೊತ್ತಿಗೆ ನಾನು ಯಾವ ಹೊಲಿಗೆಯಲ್ಲಿದ್ದೆ, ಓಗೊಟ್ಟೆನೋ ಇಲ್ಲವೋ ಬರೆದಿಡಬೇಕು. ಸುಮಾರು ಇಪ್ಪತ್ತು ದಿನ ಇದು ನಡೆಯಿತು. ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಅದೇ ಸಾಲಿನಲ್ಲಿ ತಿರುಗಿ ಬರುವ ಹೊಲಿಗೆ ಗವಂತಿ. ಅದರ ಹೋಗುವ ಸಾಲಿನಲ್ಲಿ ಇಪ್ಪತ್ತು ಕರೆಗೆ ಮೂರಕ್ಕೆ ಓಗೊಟ್ಟಿದ್ದೆ. ಬರುವ ಸಾಲಿನಲ್ಲಿ ಇಪ್ಪತ್ತಕ್ಕೆ ಹದಿಮೂರೋ ಹದಿನಾಲ್ಕೋ. ಮೆಟ್ಟಿಲಿನಂತೆ ಏರಿಳಿಯುವ ಮುರಗಿ ಹೊಲಿಗೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಬಂತು. ಆ ಪುಟವನ್ನು ನೋಡಿದಾಗ ಇಪ್ಪತ್ತೆರಡು ವರ್ಷದಿಂದ ಕೈಯಲ್ಲಿದ್ದ ವಿಷಯ ಕಣ್ಣಿಗೆ ಬಿತ್ತು. ಹೋಗುವಾಗ ಪ್ರತಿ ಚುಚ್ಚಿಗೂ ಎಳೆ ಎಣಿಸಬೇಕು. ಬರುವಾಗ ಎಣಿಸುವುದಿಲ್ಲ, ಬಿಟ್ಟ ಜಾಗ ತಾನೇ ಎದುರಿಗಿರುತ್ತದೆ, ಸೂಜಿ ಅದನ್ನು ತುಂಬುತ್ತ ಬರುತ್ತದೆ. ಹೋಗುವ ಸಾಲಿನಲ್ಲಿ ನಾನು ಯಾರಿಗೂ ಸಿಗುವುದಿಲ್ಲ, ಬರುವ ಸಾಲಿನಲ್ಲಿ ಸಿಗುತ್ತೇನೆ. ಹಾಗಿದ್ದರೆ ಹೋಗುವ ಸಾಲು ಗಿಡ್ಡವಾಗಿರಬೇಕು, ಬರುವ ಸಾಲು ಬೇಗ ಬರಬೇಕು, ದಾರ ಮುಗಿಯುವುದು ಯಾವಾಗಲೂ ಬರುವ ಸಾಲಿನ ಕೊನೆಯಲ್ಲಿಯೇ ಇರಬೇಕು.

ಅಲ್ಲಿಯವರೆಗೆ ನಾನು ಎರಡು ಮೊಳ ದಾರ ಕತ್ತರಿಸುತ್ತಿದ್ದೆ. ಗಂಟು ಹಾಕದ ಕೆಲಸ ನಮ್ಮದಾದ್ದರಿಂದ ಪ್ರತಿ ದಾರದ ಮೊದಲನ್ನೂ ಕೊನೆಯನ್ನೂ ಹೊಲಿಗೆಯೊಳಗೆ ಸೇರಿಸಿ ಮುಚ್ಚಬೇಕು. ಉದ್ದ ದಾರವಿದ್ದಷ್ಟು ಆ ಕೆಲಸ ಕಡಿಮೆ ಎಂಬುದು ಎಲ್ಲರ ಲೆಕ್ಕ. ಎರಡು ಮೊಳದ ದಾರ ಅರ್ಧ ಗಂಟೆಗೂ ಮೇಲೆ ಬರುತ್ತಿತ್ತು, ಅಷ್ಟು ಹೊತ್ತೂ ನಾನು ತಲೆ ಎತ್ತುತ್ತಿರಲಿಲ್ಲ. ಮೊದಲಿಗೆ ಒಂದೇ ಮೊಳಕ್ಕೆ ಇಳಿಸಿ ಕೆಟ್ಟೆ. ತೇರಿನ ಕಳಸಕ್ಕೆ ಹೋದ ದಾರ ಹಿಂದಿರುಗುವಷ್ಟು ಉಳಿಯಲಿಲ್ಲ, ನಡುದಾರಿಯಲ್ಲಿ ಹೊಸ ದಾರ ಸೇರಿಸಬೇಕಾಯಿತು, ಹಿಂಬದಿಯಲ್ಲಿ ಸಣ್ಣ ಉಬ್ಬುಗಳು ಎದ್ದವು. ನನಗೆ ಕೆಲಸ ಕೊಡುವ ಅಂಗಡಿಯವರು ಆ ಕುಪ್ಪಸವನ್ನು ತಿರುವಿ ನೋಡಿ, ಬೆರಳಿನಿಂದ ಸವರಿ, ಸಾವಿರದಿನ್ನೂರರಲ್ಲಿ ಮುನ್ನೂರು ಮುರಿದುಕೊಂಡರು. ಮುರಿದದ್ದು ಸರಿಯೇ, ಎರಡೂ ಬದಿ ಒಂದೇ ಕಾಣದಿದ್ದರೆ ಅದನ್ನು ಗವಂತಿ ಎನ್ನಲು ಬರುವುದಿಲ್ಲ. ಒಂದೂವರೆ ಮೊಳಕ್ಕೆ ಏರಿಸಿದೆ, ಅದು ಉದ್ದವಾಯಿತು. ಕೊನೆಗೆ ಒಂದೂಕಾಲಿಗೆ ನಿಂತೆ. ಅದು ಇಪ್ಪತ್ತೆರಡು ಇಪ್ಪತ್ತಮೂರು ಇಂಚಿನಷ್ಟಾಗುತ್ತದೆ. ಎರಡೆಳೆಯಲ್ಲಿ ಹೊಲಿದರೆ ಹದಿನೈದರಿಂದ ಹದಿನೆಂಟು ನಿಮಿಷ ಬರುತ್ತದೆ.

ಈಗ ನನ್ನ ಕೆಲಸ ನಡೆಯುವುದು ಹೀಗೆ. ದಾರ ಪೋಣಿಸಿ, ಹೋಗಿ, ತಿರುಗಿ ಬಂದು, ತುದಿ ಮುಚ್ಚಿ, ಸೂಜಿಯನ್ನು ದಿಂಬಿಗೆ ಚುಚ್ಚಿ ತಲೆ ಎತ್ತುತ್ತೇನೆ. ಮೊದಲು ಮಂಚ, ಆಮೇಲೆ ಬಾಗಿಲು, ಆಮೇಲೆ ಫೋನು. ಅರ್ಧ ನಿಮಿಷವೂ ಬೇಡ. ಎಣಿಕೆ ತುಂಡಾಗುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟ ಎಣಿಕೆ ಇರುವುದೇ ಇಲ್ಲ. ಗಿರಾಕಿಗಳಿಗೆ ‘ನಾನು ತೆಗೆಯದಿದ್ದರೆ ಇಪ್ಪತ್ತು ನಿಮಿಷದೊಳಗೆ ನಾನೇ ಮಾಡುತ್ತೇನೆ’ ಎಂದು ಹೇಳಿಟ್ಟಿದ್ದೇನೆ. ಈ ಎರಡು ವರ್ಷದಲ್ಲಿ ಆ ಮಾತು ತಪ್ಪಿದ್ದು ಐದಾರು ಸಲ ಮಾತ್ರ.

ಆದರೆ ಸಕ್ಕರೆ ಇಳಿದವರಿಗೆ ಹದಿನೆಂಟು ನಿಮಿಷವೂ ದೀರ್ಘವೇ. ಅಂದು ನೆರೆಯಾಕೆಯ ಕೈ ಭುಜಕ್ಕೆ ತಾಗಿದಾಗ ನಾನು ತಕ್ಷಣ ಎಚ್ಚೆತ್ತಿದ್ದೆ; ದನಿ ಮುಟ್ಟದಿದ್ದರೂ ಕೈ ಮುಟ್ಟುತ್ತದೆ. ಅದಕ್ಕಾಗಿ ಲಂಗದ ಲಾಡಿಯ ಉರುಳೆಯನ್ನು ಸುಭಾಷ ರಸ್ತೆಯಿಂದ ತಂದು, ಮಾವನವರ ಮಂಚದ ಕಾಲಿನಿಂದ ಗೋಡೆಗುಂಟ ಪರದೆಯ ಬಳೆಗಳೊಳಗೆ ಹಾಯಿಸಿ, ಬಟ್ಟೆ ಬಿಗಿಹಿಡಿಯುವ ರಿಂಗನ್ನು ನಾನು ಊರಿಕೊಳ್ಳುವ ಸಣ್ಣ ದಿಂಬಿಗೆ ಕಟ್ಟಿದೆ. ಎಲ್ಲ ಸೇರಿ ತೊಂಬತ್ತು ರೂಪಾಯಿಯೊಳಗೆ ಆಯಿತು. ಆ ತುದಿಯಲ್ಲಿ ಎರಡು ಬೆರಳಿನಿಂದ ಎಳೆದರೆ ಸಾಕು, ಈ ತುದಿಯಲ್ಲಿ ದಿಂಬು ಅರ್ಧ ಇಂಚು ಸರಿಯುತ್ತದೆ, ಅದರ ಮೇಲಿನ ರಿಂಗು ಸರಿಯುತ್ತದೆ, ನಾನು ಎಣಿಸುತ್ತಿರುವ ಎಳೆಗಳೇ ಕಣ್ಣ ಮುಂದಿನಿಂದ ಜಾರುತ್ತವೆ. ಕೈ ತಾನಾಗಿ ನಿಲ್ಲುತ್ತದೆ. ಮಗಳು ಇದಕ್ಕೂ ಲೆಕ್ಕ ಬರೆದಳು. ಹೋಗುವ ಸಾಲಿನಲ್ಲಿಯೇ ಇದ್ದಾಗಲೂ ಹತ್ತಕ್ಕೆ ಹತ್ತು ತಿಳಿಯಿತು. ಎಣಿಕೆ ತಪ್ಪುತ್ತದೆ ನಿಜ, ಬಿಚ್ಚಬೇಕಾಗುತ್ತದೆ. ಆ ಎಳೆತಕ್ಕೆ ಬಿಚ್ಚುವುದರಲ್ಲಿ ನನಗೆ ಬೇಸರವಿಲ್ಲ. ಹೋದ ಶ್ರಾವಣದಲ್ಲಿ ಒಮ್ಮೆ ಮತ್ತೆ ಸಕ್ಕರೆ ಇಳಿದಾಗ ಅವರು ಲಾಡಿ ಎಳೆದರು, ಅವರ ಕೈ ದಿಂಬಿಗೆ ಮರಳುವ ಮೊದಲೇ ನಾನು ಲೋಟ ಹಿಡಿದು ನಿಂತಿದ್ದೆ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ, ಏಕೆಂದರೆ ಎಲ್ಲರೂ ಅಡ್ಡ ಹಾಕಿದ್ದು ಅದನ್ನೇ. ಆಂಕರ್ ಕಂಪನಿಯ ದಾರದ ಲಡಿ ಎಂಟು ಮೀಟರಿನದು, ಆರು ಎಳೆಯದು. ಎರಡು ಮೊಳಕ್ಕೆ ಕತ್ತರಿಸಿದಾಗ ಎರಡೆಳೆಯ ದಾರಗಳು ಇಪ್ಪತ್ತೈದರಷ್ಟು ಬರುತ್ತಿದ್ದವು, ಈಗ ನಲವತ್ತರ ಮೇಲೆ ಬರುತ್ತವೆ. ಪ್ರತಿ ದಾರಕ್ಕೂ ತುದಿಗೆಂದು ನಾಲ್ಕೈದು ಇಂಚು ಹೋಗುವುದರಿಂದ ಒಂದು ಸೀರೆಗೆ ನಾಲ್ಕು ಲಡಿ ಹೆಚ್ಚು ಬೇಕು. ಅದು ಐವತ್ತು ಅರವತ್ತು ರೂಪಾಯಿಯ ಮಾತು. ತುದಿ ಮುಚ್ಚುವ ಹೊತ್ತು ಸೇರಿಸಿದರೆ ಸೀರೆಗೆ ಒಂದೂವರೆ ದಿನ ಹೆಚ್ಚಾಗಬೇಕಿತ್ತು, ಆದರೆ ಆಗಲಿಲ್ಲ. ಮೊದಲು ಇಪ್ಪತ್ತೆರಡು ದಿನ ಹಿಡಿಯುತ್ತಿದ್ದ ಸೆರಗಿನ ಕೆಲಸ ಈಗಲೂ ಇಪ್ಪತ್ತೆರಡೋ ಇಪ್ಪತ್ತಮೂರೋ ಹಿಡಿಯುತ್ತದೆ, ಏಕೆಂದರೆ ತಪ್ಪಿ ಬಿಚ್ಚುವುದು ಬಹಳ ಕಡಿಮೆಯಾಗಿದೆ. ಉದ್ದ ದಾರ ಬಟ್ಟೆಯೊಳಗೆ ನೂರಾರು ಸಲ ಉಜ್ಜಿ ನವಿರೆದ್ದು ಹೊಳಪು ಕಳೆದುಕೊಳ್ಳುತ್ತದೆ. ನನ್ನ ಸೆರಗಿನ ಹೊಳಪು ಈಗ ಮೊದಲ ಚುಚ್ಚಿನಿಂದ ಕೊನೆಯ ಚುಚ್ಚಿನವರೆಗೆ ಒಂದೇ ಸಮ ಇದೆ. ಮುನ್ನೂರು ಮುರಿದ ಅಂಗಡಿಯವರೇ ಈ ವರ್ಷ ಸೆರಗಿಗೆ ಎಂಟುನೂರು ಏರಿಸಿ ಕೊಟ್ಟಿದ್ದಾರೆ.

ಇಷ್ಟೊಂದು ತುದಿಗಳಿದ್ದೂ ಹಿಂಬದಿಯಲ್ಲಿ ಒಂದೂ ಕಾಣದಂತೆ ಮುಚ್ಚುವುದು ಹೇಗೆ ಎಂದು ಕೇಳುವವರಿದ್ದಾರೆ. ಆ ಕೈಚಳಕಕ್ಕೆ ನನಗೆ ಐದು ತಿಂಗಳು ಹಿಡಿಯಿತು. ನನ್ನ ಬಳಿ ಕಲಿಯಲು ಬಂದು ಕುಳಿತವರಿಗೆ ತೋರಿಸುತ್ತೇನೆ, ಬರೆದು ಹೇಳುವುದಿಲ್ಲ. ತೇರಿನಂತಹ ಕವಲೊಡೆಯುವ ಚಿತ್ತಾರದಲ್ಲಿ ಯಾವ ಕವಲಿನಿಂದ ತಿರುಗಿದರೆ ಒಂದೇ ದಾರದಲ್ಲಿ ಹೋಗಿಬರಲು ಸಾಧ್ಯ ಎಂಬುದನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ಕಲಿಯುವ ಹುಡುಗಿಯರು ಈಗ ಮೂವರಿದ್ದಾರೆ. ಇಬ್ಬರಿಗೆ ಈ ತೊಂದರೆ ಇಲ್ಲವೇ ಇಲ್ಲ, ಹೊಲಿಯುತ್ತ ಮಾತೂ ಆಡುತ್ತಾರೆ. ಅವರ ಎಣಿಕೆಯೂ ತಪ್ಪುತ್ತದೆ. ಮೂರನೆಯವಳು, ಎಲ್ಲರಿಗಿಂತ ಚಿಕ್ಕವಳು, ನನಗಿಂತ ಆಳವಾಗಿ ಮುಳುಗುತ್ತಾಳೆ. ಅವಳ ಕಾಲ ಬಳಿ ಸ್ಟೀಲ್ ತಾಟು ಬಿದ್ದರೂ ಅವಳ ರೆಪ್ಪೆ ಆಡಲಿಲ್ಲ. ಅವಳಿಗೆ ಒಂದೂಕಾಲು ಮೊಳವೂ ಉದ್ದವೆಂದು ತೋರಿ, ಒಂದು ಮೊಳಕ್ಕೆ ಇಳಿಸಿ, ತೇರು ಕೊಡದೆ ತುಳಸಿಕಟ್ಟೆಯಂತಹ ಸಣ್ಣ ಚಿತ್ತಾರಗಳನ್ನೇ ಕೊಡುತ್ತಿದ್ದೇನೆ.

ನೇಯ್ಗೆಯಂತೆ ಕಾಣುವ ನೇಗಿ ಹೊಲಿಗೆಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಗುಣಾಕಾರದ ಗುರುತಿನಂತಹ ಮೆಂತಿ ಹೊಲಿಗೆಯಲ್ಲಿ ಅರ್ಧ ಹೊಲಿಗೆ ಹಾಕುತ್ತ ಹೋಗಿ, ಅದನ್ನು ದಾಟಿಸುತ್ತ ಬರುವುದರಿಂದ ಹೇಗೋ ಹೊಂದುತ್ತದೆ. ನೇಗಿಯಲ್ಲಿ ಹೋಗುವುದೂ ಎಣಿಕೆಯೇ, ಬರುವುದೂ ಎಣಿಕೆಯೇ. ಬಿಡುವಾದ ಸಾಲು ಎಂಬುದು ಅದರಲ್ಲಿಲ್ಲ. ಸದ್ಯ ಎರಡೆರಡು ಸಾಲಿಗೆ ಸಾಲುವಷ್ಟು ದಾರ ಕತ್ತರಿಸಿ, ಮಗ್ಗುಲಿನ ಅಂಚಿಗೆ ಬಂದಾಗ ತಲೆ ಎತ್ತುತ್ತಿದ್ದೇನೆ. ಲೆಕ್ಕದ ಪುಟದಲ್ಲಿ ಇಪ್ಪತ್ತಕ್ಕೆ ಐದು ಬಂದಿದೆ. ನೇಗಿಯ ಕೆಲಸವಿರುವ ದಿನ ಮಾವನವರ ಊಟ, ಗುಳಿಗೆ ಎಲ್ಲ ಮುಗಿದ ಮೇಲೆಯೇ, ಲಾಡಿಯನ್ನು ಒಮ್ಮೆ ಅವರ ಕೈಯಿಂದಲೇ ಎಳೆಸಿ ನೋಡಿ, ರಿಂಗು ಹಿಡಿಯುತ್ತೇನೆ.