ಶಕ್ತಿನಗರದ ಹೊಗೆಯಿಂದ ಫೆಲೋಶಿಪ್‌ವರೆಗೆ: ವಾಯುಮಂಡಲ ದೂರಸಂವೇದನೆಯಲ್ಲಿ ಪಿಎಚ್‌ಡಿಗೆ ನಾನು ಅನುಸರಿಸಿದ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಎಂಎಸ್ಸಿ ಫಿಸಿಕ್ಸ್ ಅಥವಾ ಬಿಇ ಮುಗಿಸಿದವರು ಉಪಗ್ರಹದಿಂದ ಗಾಳಿ ಅಳೆಯುವ ಸಂಶೋಧನೆಗೆ ಹೋಗಬೇಕೆಂದಾಗ ಮೊದಲು ಕೇಳುವುದು ದುಡ್ಡಿನ ಮಾತು. ಈ ವಿಷಯದಲ್ಲಿ ಕೈಯಿಂದ ದುಡ್ಡು ಹಾಕಿ ಪಿಎಚ್‌ಡಿ ಮಾಡುವ ಅಗತ್ಯವೇ ಇಲ್ಲ. ಫೆಲೋಶಿಪ್ ಇಲ್ಲದೆ ಸೇರಬೇಡಿ ಎಂದೇ ನಾನು ಹೇಳುವುದು. ಆದರೆ ಸಂದರ್ಶನಕ್ಕೆ ಕೂತವರಲ್ಲಿ ಹೆಚ್ಚಿನವರ ಅಂಕಗಳು ಒಂದೇ ಮಟ್ಟದಲ್ಲಿರುತ್ತವೆ. ಅಲ್ಲಿ ವ್ಯತ್ಯಾಸ ತರುವುದು ಒಂದೇ ಸಂಗತಿ: ನಿಜವಾದ ದತ್ತಾಂಶದ ಮೇಲೆ ಒಂದು ಸಣ್ಣ ಕೆಲಸ ಮುಗಿಸಿ, ಅದರ ದೋಷ ಎಷ್ಟು ಎಂದು ಹೇಳಬಲ್ಲಿರಾ? ಆದ್ದರಿಂದ ಅರ್ಜಿಗಿಂತ ಮೊದಲು ಆ ಕೆಲಸದ ಬಗ್ಗೆ ಬರೆಯುತ್ತೇನೆ.

ವಿಷಯ ಹುಡುಕಲು ದೂರ ಹೋಗಬೇಕಿಲ್ಲ. ಶಕ್ತಿನಗರದ ಆರ್‌ಟಿಪಿಎಸ್ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ) 1,720 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ. ಕಲ್ಲಿದ್ದಲು ಉರಿದಾಗ ಬರುವ ನೈಟ್ರೋಜನ್ ಡೈಆಕ್ಸೈಡ್ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಅದಕ್ಕೇ ಅದು ಮೂಲದ ಸುತ್ತಲೇ ದಟ್ಟವಾಗಿ ಕಾಣುತ್ತದೆ, ಉಪಗ್ರಹಕ್ಕೆ ಸುಲಭವಾಗಿ ಸಿಗುತ್ತದೆ. ಬಳ್ಳಾರಿ ಕಡೆಯವರು ತೋರಣಗಲ್ಲನ್ನು ಆರಿಸಿಕೊಳ್ಳಬಹುದು, ಆದರೆ ಅಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಕುಡಿತಿನಿಯ ವಿದ್ಯುತ್ ಸ್ಥಾವರವೂ ಇದೆ. ಎರಡನ್ನೂ ಬೇರ್ಪಡಿಸಲು ಹೊರಟರೆ ಮೊದಲ ಕೆಲಸವೇ ಗಂಟಾಗುತ್ತದೆ. ಶಕ್ತಿನಗರದ ಹತ್ತಿರವೂ ಯರಮರಸ್ ವಿದ್ಯುತ್ ಸ್ಥಾವರ ಇದೆ. ಆ ಎರಡನ್ನೂ ಒಂದೇ ಮೂಲವೆಂದು ಎಣಿಸಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡಿ.

ದತ್ತಾಂಶ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೋಮಿ ಉಪಕರಣದ್ದು. 2017ರ ಅಕ್ಟೋಬರ್‌ನಲ್ಲಿ ಹಾರಿದ್ದು, ದಿನಕ್ಕೊಮ್ಮೆ ಮಧ್ಯಾಹ್ನ ಸೂರ್ಯಮಾನದ ಒಂದೂವರೆ ಗಂಟೆ ಸುಮಾರಿಗೆ ನಮ್ಮ ಮೇಲೆ ಹಾಯುತ್ತದೆ. 2019ರ ಆಗಸ್ಟ್‌ನಿಂದ ಒಂದು ಪಿಕ್ಸೆಲ್ 5.5 × 3.5 ಕಿಲೋಮೀಟರ್. ಕಕ್ಷೆಯ ಪೂರ್ತಿ ಕಡತ ಇಳಿಸಿಕೊಂಡರೆ ಒಂದೊಂದೂ ನೂರಾರು ಎಂಬಿ, ಒಂದು ವರ್ಷದ್ದು ಸಾಧಾರಣ ಲ್ಯಾಪ್‌ಟಾಪ್ ತಡೆಯುವುದಿಲ್ಲ. ಶುರುವಿಗೆ ಗೂಗಲ್ ಅರ್ಥ್ ಎಂಜಿನ್ ಸಾಕು. ಸಂಶೋಧನೆಗೆ ಉಚಿತ, ಲೆಕ್ಕವೆಲ್ಲ ಅವರ ಕಂಪ್ಯೂಟರಿನಲ್ಲೇ ನಡೆಯುತ್ತದೆ.

ಇಲ್ಲಿ ಎಡವುವ ಜಾಗಗಳು ನಾಲ್ಕು, ಎಲ್ಲವನ್ನೂ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಅರ್ಥ್ ಎಂಜಿನ್‌ನಲ್ಲಿ ಚೌಕಗಳು ಸುಮಾರು ಒಂದು ಕಿಲೋಮೀಟರಿನವು. ಅದು ಮರುಜೋಡಣೆಯಿಂದ ಬಂದದ್ದೇ ಹೊರತು ಅಳತೆಯ ಸೂಕ್ಷ್ಮತೆಯಲ್ಲ. "ಒಂದು ಕಿಲೋಮೀಟರ್ ರೆಸಲ್ಯೂಷನ್" ಎಂದರೆ ಅಲ್ಲಿಗೆ ಮಾತು ಕೆಟ್ಟಿತು. ಎರಡನೆಯದು ಗುಣಮಟ್ಟದ ಸೂಚ್ಯಂಕ: ಮೂಲ ಕಡತ ಬಳಸುವವರು 0.75ಕ್ಕಿಂತ ಕಡಿಮೆ ಇರುವ ಪಿಕ್ಸೆಲ್‌ಗಳನ್ನು ಬಿಡಬೇಕು, ಅರ್ಥ್ ಎಂಜಿನ್‌ನಲ್ಲಿ ಅದನ್ನು ಮೊದಲೇ ಬಿಟ್ಟಿರುತ್ತಾರೆ. ಮೂರನೆಯದು ಋಣ ಸಂಖ್ಯೆಗಳು. ಗಾಳಿಯಲ್ಲಿ ಅನಿಲ ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವೇ ಎಂದು ಅವನ್ನೆಲ್ಲ ಅಳಿಸಿಬಿಡುತ್ತಾರೆ. ಅದು ತಪ್ಪು. ಸ್ವಚ್ಛ ಜಾಗದಲ್ಲಿ ಅಳತೆಯ ಅಲುಗಾಟ ಸೊನ್ನೆಯ ಎರಡೂ ಬದಿಗೆ ಹೋಗುತ್ತದೆ. ಒಂದು ಬದಿಯನ್ನಷ್ಟೇ ಕತ್ತರಿಸಿದರೆ ಸರಾಸರಿ ಮೇಲೇರಿ ಸುತ್ತಲಿನ ಹೊಲಗಳೂ ಮಲಿನವಾಗಿ ಕಾಣುತ್ತವೆ. −0.001ಕ್ಕಿಂತ ಕೆಳಗಿನ ಅತಿರೇಕಗಳನ್ನಷ್ಟೇ ಬಿಡಿ. ನಾಲ್ಕನೆಯದು ಆವೃತ್ತಿ ಬದಲಾವಣೆ. 2020ರ ಕೊನೆಗೆ ಮತ್ತು 2021ರ ಮಧ್ಯಕ್ಕೆ ಲೆಕ್ಕದ ವಿಧಾನ ಬದಲಾಗಿ ಮಲಿನ ಪ್ರದೇಶಗಳ ಮೌಲ್ಯ ಏರಿತು. ಮರುಸಂಸ್ಕರಿಸಿದ ದತ್ತಾಂಶ ಬಳಸದೆ 2019ರಿಂದ 2023ರವರೆಗೆ ಗೆರೆ ಎಳೆದು "ಮಾಲಿನ್ಯ ಹೆಚ್ಚಿದೆ" ಎಂದರೆ ನೀವು ತೋರಿಸುತ್ತಿರುವುದು ಸಾಫ್ಟ್‌ವೇರ್ ಬದಲಾದದ್ದನ್ನು.

ಮೌಲ್ಯ ಚದರ ಮೀಟರಿಗೆ ಇಷ್ಟು ಮೋಲ್ ಎಂದಿರುತ್ತದೆ. ಚದರ ಸೆಂಟಿಮೀಟರಿಗೆ ಅಣುಗಳಾಗಿ ಬೇಕಾದರೆ 6.022 × 10ರ ಘಾತ 19ರಿಂದ ಗುಣಿಸಿ.

ಬರೀ ಸರಾಸರಿ ನಕ್ಷೆ ಮಾಡಿದರೆ ಶಕ್ತಿನಗರದ ಮೇಲೆ ಒಂದು ಮಸುಕು ಮಚ್ಚೆ ಬರುತ್ತದೆ, ಅಷ್ಟೇ. ಗಾಳಿ ದಿನಕ್ಕೊಂದು ದಿಕ್ಕಿಗೆ ಹೊಗೆಯನ್ನು ಒಯ್ಯುವುದರಿಂದ ಎಲ್ಲವೂ ಕಲಸಿಹೋಗುತ್ತದೆ. ಹಾಗಾಗಿ ಪ್ರತಿದಿನದ ಪಿಕ್ಸೆಲ್‌ಗಳನ್ನು ಸ್ಥಾವರದ ಸುತ್ತ ತಿರುಗಿಸಿ, ಗಾಳಿಯ ದಿಕ್ಕು ಎಲ್ಲ ದಿನವೂ ಒಂದೇ ಕಡೆಗೆ ಬರುವಂತೆ ಮಾಡಿ, ಆಮೇಲೆ ಸರಾಸರಿ ತೆಗೆಯಬೇಕು. ಗಾಳಿಗೆ ಇಆರ್‌ಎ5 ಎಂಬ, ಹಿಂದಿನ ದಿನಗಳ ಹವಾಮಾನವನ್ನು ಮರುಲೆಕ್ಕ ಹಾಕಿದ ದತ್ತಾಂಶ: ಗಂಟೆಗೊಮ್ಮೆ, 0.25 ಡಿಗ್ರಿ ಚೌಕ, ಕೋಪರ್ನಿಕಸ್ ತಾಣದಲ್ಲಿ ಉಚಿತ. ಯಾವ ಗಂಟೆಯದು ಎಂಬಲ್ಲಿ ಗೊಂದಲ ಬೇಡ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ರಾಯಚೂರು 77ರ ಆಸುಪಾಸಿನಲ್ಲಿದೆ. ಸೂರ್ಯಮಾನದ ಒಂದೂವರೆ ಎಂದರೆ ನಮ್ಮ ಗಡಿಯಾರದಲ್ಲಿ ಒಂದೂ ಐವತ್ತರ ಸುಮಾರು. ಯುಟಿಸಿಯಲ್ಲಿ 8 ಗಂಟೆಯ ಗಾಳಿ ತೆಗೆದುಕೊಳ್ಳಿ. 13:30 ಯುಟಿಸಿ ಎಂದು ಹಾಕಿದರೆ ಸಂಜೆ ಏಳರ ಗಾಳಿ ಬಂದು ಹೊಗೆ ಅಡ್ಡಡ್ಡ ಹರಡಿದಂತೆ ಕಾಣುತ್ತದೆ. ಈ ತಪ್ಪು ಬಹಳ ಸಲ ಆಗುತ್ತದೆ. ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ ಗಾಳಿಯ ದಿನಗಳನ್ನು ಬಿಡಿ, ಅಂಥ ದಿನ ದಿಕ್ಕಿಗೆ ಅರ್ಥವಿಲ್ಲ.

ಜನವರಿಯಿಂದ ಏಪ್ರಿಲ್‌ವರೆಗಿನ ದಿನಗಳು ಒಳ್ಳೆಯವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದಾಗಿ ಉಳಿಯುವ ದಿನಗಳು ಕಡಿಮೆ, ಉಳಿದವು ಒಣ ದಿನಗಳೇ ಆಗಿರುವುದರಿಂದ ಋತುಗಳ ಹೋಲಿಕೆ ಸರಿಬರುವುದಿಲ್ಲ. ಪ್ರತಿ ಚೌಕದಲ್ಲಿ ಎಷ್ಟು ದಿನದ ಅಳತೆ ಸೇರಿದೆ ಎಂಬ ಇನ್ನೊಂದು ನಕ್ಷೆಯನ್ನು ಪಕ್ಕದಲ್ಲಿಡಿ.

ಪರೀಕ್ಷೆಗೆ, ದಿನಗಳ ಗಾಳಿಯ ದಿಕ್ಕನ್ನು ಅದಲುಬದಲು ಮಾಡಿ ಇದೇ ಲೆಕ್ಕ ಮತ್ತೆ ಓಡಿಸಿ. ಹೊಗೆಯ ಬಾಲ ಮಾಯವಾಗಬೇಕು. ಮೊದಲ ನಕ್ಷೆಯಲ್ಲೇ ಬಾಲ ಕಾಣದಿದ್ದರೆ ಅಥವಾ ಉಲ್ಟಾ ದಿಕ್ಕಿಗೆ ಕಂಡರೆ ಕೋಡಿನಲ್ಲಿ ತಿರುಗಿಸುವ ಕೋನದ ಚಿಹ್ನೆ ತಪ್ಪಿದೆಯೇ ನೋಡಿ. ಹವಾಮಾನದವರು ಗಾಳಿ "ಎಲ್ಲಿಂದ" ಬರುತ್ತದೆಂದು ಹೇಳುತ್ತಾರೆ, ನಮಗೆ ಬೇಕಾದದ್ದು "ಎಲ್ಲಿಗೆ" ಹೋಗುತ್ತದೆ ಎಂಬುದು.

ದೋಷದ ಮಾತು ಇದಕ್ಕಿಂತ ಮುಖ್ಯ. ಮಲಿನ ಜಾಗದಲ್ಲಿ ಒಂದೊಂದು ಪಿಕ್ಸೆಲ್‌ನ ಅನಿಶ್ಚಿತತೆ ಶೇ 25ರಿಂದ 50. ನೂರು ದಿನದ ಸರಾಸರಿ ತೆಗೆದರೆ ಅಲುಗಾಟದ ಭಾಗ ತಗ್ಗುತ್ತದೆ, ಓರೆಯಾದ ಭಾಗ, ಅಂದರೆ ಸದಾ ಒಂದೇ ಕಡೆಗೆ ತಪ್ಪುವ ಭಾಗ, ತಗ್ಗುವುದಿಲ್ಲ. ಆ ಓರೆ ಎಲ್ಲಿಂದ ಬರುತ್ತದೆ ಎಂದರೆ, ಅನಿಲ ಯಾವ ಎತ್ತರದಲ್ಲಿದೆ ಎಂಬುದನ್ನು ಉಪಗ್ರಹ ತಾನಾಗಿ ಅರಿಯದು. ಆ ಎತ್ತರದ ಅಂದಾಜನ್ನು ಟಿಎಂ5 ಎಂಬ ಮಾದರಿಯಿಂದ 1 ಡಿಗ್ರಿ ಚೌಕದಲ್ಲಿ ಪಡೆಯುತ್ತಾರೆ. ಅಂದರೆ ನೂರು ಕಿಲೋಮೀಟರಿಗೂ ಹೆಚ್ಚಿನ ಚೌಕಕ್ಕೆ ಒಂದೇ ರೂಪ. ಸ್ಥಾವರವೂ ಸುತ್ತಲಿನ ಹತ್ತಿ, ತೊಗರಿ ಹೊಲಗಳೂ ಅದರಲ್ಲಿ ಒಂದೇ. ಹಾಗಾಗಿ ಚಿಮಣಿಯ ಮೇಲಿನ ಮೌಲ್ಯ ನಿಜಕ್ಕಿಂತ ಕಡಿಮೆ ಬರುತ್ತದೆ. ಇದನ್ನು ಬಾಯಿಬಿಟ್ಟು ಹೇಳಬಲ್ಲವರಿಗೆ ಮುಂದಿನ ಪ್ರಶ್ನೆಗಳು ಹಗುರವಾಗುತ್ತವೆ. ಇನ್ನೊಂದು ಎಚ್ಚರ: ಇದು ನೆಲದಿಂದ ಮೇಲಿನವರೆಗಿನ ಕಂಬದ ಒಟ್ಟು ಮೊತ್ತ, ಶಕ್ತಿನಗರದ ಜನ ಉಸಿರಾಡುವ ಗಾಳಿಯ ಸಾಂದ್ರತೆಯಲ್ಲ.

ಅನಿಲ ಬೇಡವೆಂದರೆ ಇನ್ನೆರಡು ಒಳ್ಳೆಯ ವಿಷಯಗಳಿವೆ. ಸಿಂಧನೂರು, ಗಂಗಾವತಿ ಭತ್ತದ ಗದ್ದೆಗಳ ಕೂಳೆ ಸುಡುವಿಕೆಯನ್ನು ವಿಐಐಆರ್‌ಎಸ್ ಎಂಬ ಉಪಗ್ರಹ ಉಪಕರಣದ 375 ಮೀಟರ್ ಬೆಂಕಿ ದತ್ತಾಂಶದಲ್ಲಿ ಎಣಿಸಬಹುದು. ಆದರೆ ತೋರಣಗಲ್ಲು, ಕೊಪ್ಪಳದ ಕಡೆಯ ಕುಲುಮೆಗಳೂ ಅದರಲ್ಲಿ ಬೆಂಕಿಯೆಂದೇ ಬರುತ್ತವೆ. ಸಂಗ್ರಹಿತ ಕಡತದಲ್ಲಿ ವಿಧ (type) ಎಂಬ ಕಾಲಂ ಇದೆ, ಅದರಲ್ಲಿ 0 ಇದ್ದವನ್ನಷ್ಟೇ ಇಟ್ಟುಕೊಳ್ಳಿ, 2 ಎಂದರೆ ಸ್ಥಿರ ಮೂಲ. ಅಂದಂದಿನ ತುರ್ತು ಕಡತದಲ್ಲಿ ಈ ಕಾಲಂ ಇರುವುದಿಲ್ಲ. ದೂಳಿನ ಮೇಲೆ ಕೆಲಸ ಮಾಡುವವರಿಗೆ ಮೋಡಿಸ್ ಎಂಬ ಉಪಗ್ರಹ ಉಪಕರಣದ ಎಂಸಿಡಿ19ಎ2 ದತ್ತಾಂಶ, ಒಂದು ಕಿಲೋಮೀಟರ್ ಚೌಕದ್ದು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಪಟ್ಟಣಗಳು ಎಚ್25ವಿ07 ಎಂಬ ಒಂದೇ ಹಾಳೆಯಲ್ಲಿ ಬೀಳುತ್ತವೆ, ಡೌನ್‌ಲೋಡ್ ಹಗುರ. ಸಂಖ್ಯೆಯನ್ನು 0.001ರಿಂದ ಗುಣಿಸುವುದನ್ನೂ −28672 ಎಂಬ ಖಾಲಿ ಗುರುತನ್ನು ತೆಗೆಯುವುದನ್ನೂ ಮರೆಯಬೇಡಿ.

ಈಗ ದುಡ್ಡಿಗೆ ಬರೋಣ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದರೆ 2023ರ ಜನವರಿಯ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಹಾಸ್ಟೆಲ್ ಸಿಕ್ಕರೆ ಆ ಭತ್ಯೆ ಇಲ್ಲ. ಫಿಸಿಕ್ಸ್‌ನವರು ಫಿಸಿಕಲ್ ಸೈನ್ಸಸ್ ಪತ್ರಿಕೆಯನ್ನೇ ಬರೆಯುತ್ತಾರೆ. ಭೂ, ವಾಯುಮಂಡಲ, ಸಾಗರ ವಿಜ್ಞಾನಗಳ ಪತ್ರಿಕೆಯನ್ನೂ ಒಮ್ಮೆ ನೋಡಿ, ಹವಾಮಾನದ ಪ್ರಶ್ನೆಗಳಿಗೆ ತಯಾರಾಗುವುದು ಈ ಸಂಶೋಧನೆಗೇ ತಯಾರಾದಂತೆ. ಬಿಇ ಆದವರಿಗೆ ಗೇಟ್ ಎಕ್ಸ್‌ಇ ಪತ್ರಿಕೆಯಲ್ಲಿ ಗಣಿತ ಕಡ್ಡಾಯ, ಜೊತೆಗೆ ಎರಡು ಭಾಗ ಆರಿಸಬೇಕು. ದ್ರವಗಳ ಚಲನಶಾಸ್ತ್ರ ಮತ್ತು ವಾಯುಮಂಡಲ-ಸಾಗರ ವಿಜ್ಞಾನ ಒಂದಕ್ಕೊಂದು ಹೊಂದುವ ಜೋಡಿ. ಗೇಟ್ ಅಂಕ ಮೂರು ವರ್ಷ ಊರ್ಜಿತ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಬಂದವರಿಗೆ ಇನ್‌ಸ್ಪೈರ್ ಫೆಲೋಶಿಪ್ ಇದೆ. ನಮ್ಮ ಕಡೆಯ ಚಿನ್ನದ ಪದಕದವರು ಇದನ್ನು ತಿಳಿಯದೆ ಕಳೆದುಕೊಳ್ಳುವುದು ನನಗೆ ಬಹಳ ನೋವಿನ ಸಂಗತಿ.

ಜಾಗಗಳೆಂದರೆ: ಬೆಂಗಳೂರಿನ ಐಐಎಸ್‌ಸಿಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರ, ಪುಣೆಯ ಐಐಟಿಎಂ (ಉಷ್ಣವಲಯ ಹವಾಮಾನ ಸಂಸ್ಥೆ), ತಿರುಪತಿ ಹತ್ತಿರ ಗಾದಂಕಿಯ ಎನ್‌ಎಆರ್‌ಎಲ್ (ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ), ತಿರುವನಂತಪುರದ ಸ್ಪೇಸ್ ಫಿಸಿಕ್ಸ್ ಲ್ಯಾಬೊರೇಟರಿ, ಅಹಮದಾಬಾದಿನ ಪಿಆರ್‌ಎಲ್ (ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ), ನೈನಿತಾಲಿನ ಏರೀಸ್ (ಖಗೋಳ ಮತ್ತು ವಾಯುಮಂಡಲ ಸಂಶೋಧನಾ ಸಂಸ್ಥೆ). ಉಪಕರಣ ಮುಟ್ಟುವ ಆಸೆಯಿದ್ದರೆ ಗಾದಂಕಿ. ಅಲ್ಲಿ 53 ಮೆಗಾಹರ್ಟ್ಸ್‌ನ ಎಂಎಸ್‌ಟಿ ರೇಡಾರ್, ಅಂದರೆ ವಾಯುಮಂಡಲದ ಮೇಲಿನ ಪದರಗಳವರೆಗೆ ಗಾಳಿ ಅಳೆಯುವ ರೇಡಾರ್ ಇದೆ. ಬಳ್ಳಾರಿಗೆ ಹತ್ತಿರದ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೂ ಎರೋಸಾಲ್ (ಗಾಳಿಯಲ್ಲಿ ತೇಲುವ ಸಣ್ಣ ಕಣಗಳ) ಅಳತೆ ನಡೆಯುತ್ತ ಬಂದಿದೆ. ಎಂಎಸ್ಸಿ ಪ್ರಾಜೆಕ್ಟಿಗೆ ಅಲ್ಲಿ ಕೇಳಿ ನೋಡಬಹುದು. ಪ್ರಾಜೆಕ್ಟ್ ಜೆಆರ್‌ಎಫ್ ಎಂಬ ಜಾಹೀರಾತು ಕಂಡರೆ ಎರಡು ಪ್ರಶ್ನೆ ಮೊದಲೇ ಕೇಳಿ: ಪ್ರಾಜೆಕ್ಟಿಗೆ ಇನ್ನೆಷ್ಟು ತಿಂಗಳು ಉಳಿದಿದೆ, ಪಿಎಚ್‌ಡಿ ನೋಂದಣಿ ಎಲ್ಲಿ ಆಗುತ್ತದೆ. ಪ್ರಾಜೆಕ್ಟ್ ಮುಗಿದರೆ ಹಣವೂ ಮುಗಿಯುತ್ತದೆ, ಪಿಎಚ್‌ಡಿ ಅರ್ಧಕ್ಕೆ ನಿಲ್ಲುತ್ತದೆ. ಯಾವ ಫೆಲೋಶಿಪ್ ಆದರೂ ಮೊದಲ ಕಂತು ತಡವಾಗಬಹುದು, ಮೂರು-ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಊರು ಬಿಡಿ.

ಕಾಗದಪತ್ರದಲ್ಲಿ ನಮ್ಮ ಭಾಗದವರು ಸೋಲುವುದು ಹೆಚ್ಚು. 371(ಜೆ) ಪ್ರಮಾಣಪತ್ರ ರಾಜ್ಯದ ಸಂಸ್ಥೆಗಳಿಗೆ ಮಾತ್ರ, ಕೇಂದ್ರದ ಸಂಸ್ಥೆಗಳಲ್ಲಿ ಅದಕ್ಕೆ ಬೆಲೆಯಿಲ್ಲ. 2ಎ, 3ಬಿ ಎಂಬ ಪ್ರವರ್ಗದ ಪತ್ರವೂ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಕೆನೆಪದರವಲ್ಲದ ಪತ್ರ ಬೇಕು, ಅದೂ ಕೇಳಿದ ಆರ್ಥಿಕ ವರ್ಷದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ನಾಡಕಚೇರಿಗೆ ಹೋಗುವ ಮೊದಲೇ ಪಟ್ಟಿ ನೋಡಿ. ಹೆಸರು, ಇನಿಷಿಯಲ್ ಎಲ್ಲ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇರಲಿ.

ವಿದೇಶಕ್ಕೆ ಅರ್ಜಿ ಹಾಕುವವರು ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕೆಲಸವನ್ನು ಆಗಸ್ಟ್‌ನಲ್ಲೇ ಶುರುಮಾಡಬೇಕು. ಬಳ್ಳಾರಿಯ ವಿಶ್ವವಿದ್ಯಾಲಯ 2010ರಲ್ಲಿ ಆದದ್ದು. ಅದಕ್ಕಿಂತ ಹಳೆಯ ಪದವಿಯಿದ್ದರೆ ಕಲಬುರಗಿಗೆ ಹೋಗಬೇಕು. ಅಮೆರಿಕದ ಗಡುವುಗಳು ಹೆಚ್ಚಾಗಿ ಡಿಸೆಂಬರ್ ಆರಂಭದಿಂದ ಜನವರಿ ಮಧ್ಯದವರೆಗೆ. ಪ್ರಾಧ್ಯಾಪಕರಿಗೆ ಅಕ್ಟೋಬರ್‌ನಲ್ಲಿ ಇನ್ನೂರು ಪದ ಮೀರದ ಇಮೇಲ್, ಅದರೊಳಗೆ ಶಕ್ತಿನಗರದ ಒಂದೇ ಚಿತ್ರ, ಮತ್ತು ಬರುವ ವರ್ಷ ವಿದ್ಯಾರ್ಥಿಯನ್ನು ತೆಗೆದುಕೊಳ್ಳಲು ಹಣವಿದೆಯೇ ಎಂಬ ನೇರ ಪ್ರಶ್ನೆ. ಸೀಟು ಸಿಕ್ಕಾಗ ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಬೋಧನಾ ಶುಲ್ಕ ಮನ್ನಾ ಆದ ಮೇಲೂ ಕಟ್ಟಬೇಕಾದ ಇತರ ಶುಲ್ಕ ಎಷ್ಟು, ಆರೋಗ್ಯ ವಿಮೆ ಯಾರದ್ದು ಎಂದು ಬರವಣಿಗೆಯಲ್ಲಿ ಕೇಳಿ. ಯುರೋಪಿನಲ್ಲಿ ಬ್ರೆಮೆನ್, ಹೈಡೆಲ್‌ಬರ್ಗ್, ಮೈಂಜ್, ಡೆಲ್ಫ್ಟ್ ಕಡೆ ಪಿಎಚ್‌ಡಿ ಎಂದರೆ ಉದ್ಯೋಗ, ಜಾಹೀರಾತು ಬಂದಾಗ ಅರ್ಜಿ, ಬರುವುದು ಸಂಬಳ. ಯುರೋಪ್ ಒಕ್ಕೂಟ ಹಣ ಕೊಡುವ ಮೇರಿ ಕ್ಯೂರಿ ಪಿಎಚ್‌ಡಿ ಜಾಲಗಳಲ್ಲಿ ಆ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಇದ್ದಿರಬಾರದು. ಊರಿನಿಂದ ನೇರ ಹೋಗುವವರಿಗೆ ಈ ನಿಯಮ ಅನುಕೂಲವೇ.

ಸಂದರ್ಶನಕ್ಕೆ ಮೂರು ಹಾಳೆ ಒಯ್ಯಿರಿ: ತಿರುಗಿಸಿದ ನಕ್ಷೆ, ದಿನಗಳ ಎಣಿಕೆಯ ನಕ್ಷೆ, ಗಾಳಿ ಅದಲುಬದಲು ಮಾಡಿದ ನಕ್ಷೆ. ಬೋರ್ಡಿನ ಮೇಲೆ ಬೀರ್-ಲ್ಯಾಂಬರ್ಟ್ ನಿಯಮ (ಅನಿಲ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದರ ನಿಯಮ) ಬರೆಸುತ್ತಾರೆ, ನೈಟ್ರೋಜನ್ ಡೈಆಕ್ಸೈಡ್‌ಗೆ 405ರಿಂದ 465 ನ್ಯಾನೋಮೀಟರ್ ಬೆಳಕನ್ನೇ ಏಕೆ ಆರಿಸಿದರು ಎಂದು ಕೇಳುತ್ತಾರೆ. ಅಲ್ಲಿ ಆ ಅನಿಲದ ಹೀರಿಕೆಯಲ್ಲಿ ಚೂಪಾದ ಏರಿಳಿತಗಳಿವೆ, ರೇಲೀ ಚದುರಿಕೆ (ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದು) ಮತ್ತು ದೂಳಿನ ಪ್ರಭಾವ ನಯವಾಗಿ ಬದಲಾಗುತ್ತದೆ, ಹಾಗಾಗಿ ಎರಡನ್ನೂ ಬಿಡಿಸಬಹುದು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಸುಮ್ಮನಿರದೆ, ಅದನ್ನು ಕಂಡುಹಿಡಿಯಲು ಯಾವ ದತ್ತಾಂಶ ನೋಡುತ್ತೀರಿ ಎಂದು ಹೇಳಿ.