ದೋಣಿಯ ವಿ-8 ಎಂಜಿನ್ನನ್ನು ಕಾರಿಗೆ ಒಗ್ಗಿಸುವ ಕ್ರಮ

ಅಮೆರಿಕದ ಪೆಟ್ರೋಲ್ ದೋಣಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮರ್ಕ್ರೂಸರ್ 5.7 ಲೀಟರ್ ಎಂಜಿನ್ನಿನ ಮೂಲ, ಜನರಲ್ ಮೋಟಾರ್ಸ್ ಕಂಪನಿ ತನ್ನ ಷೆವರ್ಲೆ ಕಾರು ಮತ್ತು ಪಿಕಪ್‌ಗಳಿಗೆಂದು ತಯಾರಿಸಿದ 350 ಘನ ಅಂಗುಲದ ವಿ-8 ಎಂಜಿನ್. ಆದ್ದರಿಂದಲೇ ಹಳೆಯ ಷೆವರ್ಲೆಯೊಂದಕ್ಕೆ ಗುಜರಿ ದೋಣಿಯ ಎಂಜಿನ್ನನ್ನು ಕೂರಿಸುವುದು ಅಲ್ಲಿ ಅಪರೂಪದ ಕೆಲಸವೇನಲ್ಲ. ಆದರೆ ಹೊರನೋಟದ ಸಾಮ್ಯವನ್ನು ನಂಬಿ ಎಲ್ಲ ಬಿಡಿಭಾಗಗಳನ್ನೂ ಹಾಗೆಯೇ ಬಳಸಬಾರದು.

ಖರೀದಿಗೆ ಮುನ್ನ ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಜೋಡಿ ಎಂಜಿನ್‌ಗಳ ದೋಣಿಗಳಲ್ಲಿ ಒಂದು ಎಂಜಿನ್ ವಿರುದ್ಧ ದಿಕ್ಕಿಗೆ ತಿರುಗುವುದುಂಟು. ಅಂಥದರ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಸ್ಟಾರ್ಟರ್ ಮತ್ತು ಆಯಿಲ್ ಸೋರದಂತೆ ತಡೆಯುವ ಕ್ರ್ಯಾಂಕ್‌ನ ಹಿಂಬದಿಯ ಸೀಲ್ ಕಾರಿನವುಗಳಿಗಿಂತ ಬೇರೆಯಾಗಿರುವುದರಿಂದ ಅದನ್ನು ಕೈಬಿಡುವುದೇ ಲೇಸು. ಎಂಜಿನ್ನಿನ ಹಿಂಬದಿಯ ಭಾರದ ಚಕ್ರವಾದ ಫ್ಲೈವೀಲ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುವ, 1-8-4-3-6-5-7-2 ಕ್ರಮದಲ್ಲಿ ಕಿಡಿ ಹೊತ್ತುವ ಎಂಜಿನ್ ಕಾರಿಗೆ ಹೊಂದುತ್ತದೆ.

ಹೆಚ್ಚಿನ ಎಚ್ಚರ ಬೇಕಾಗಿರುವುದು ಸಿಲಿಂಡರ್‌ಗಳಿರುವ ಎರಕದ ಬ್ಲಾಕಿನ ವಿಷಯದಲ್ಲಿ. ಅನೇಕ ದೋಣಿಗಳು ಹೊರಗಿನ ನೀರನ್ನೇ ಎಳೆದು ಬ್ಲಾಕಿನೊಳಗೆ ಹರಿಸುತ್ತವೆ. ಆ ನೀರು ಕಡಲಿನದಾಗಿದ್ದರೆ ಸಿಲಿಂಡರ್ ಸುತ್ತಲಿನ ಜಲಮಾರ್ಗದ ಗೋಡೆಗಳು ತುಕ್ಕು ಹಿಡಿದು ತೆಳುವಾಗಿರುತ್ತವೆ, ಮತ್ತು ಈ ಹಾನಿ ಹೊರಗಿನ ಬಣ್ಣದಡಿ ಕಾಣುವುದಿಲ್ಲ. ಒತ್ತಡ ಹಾಕಿ ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಮಾಡಿಸದೆ ಇಂಥ ಬ್ಲಾಕಿಗೆ ಹಣ ಕೊಡಬೇಡಿ. ಸಿಹಿನೀರಿನ ಸರೋವರದಲ್ಲಿ ಓಡಿದ ಎಂಜಿನ್, ಅದಕ್ಕಿಂತಲೂ ಹೀಟ್ ಎಕ್ಸ್‌ಚೇಂಜರ್ (ಹೊರನೀರು ಬ್ಲಾಕಿಗೆ ಹೋಗದೆ ಕೂಲಂಟನ್ನು ತಣಿಸುವ ಸಾಧನ) ಮೂಲಕ ಕೂಲಂಟ್‌ನಿಂದ ತಣಿಯುತ್ತಿದ್ದ ಎಂಜಿನ್, ನಿಮ್ಮ ಮೊದಲ ಆಯ್ಕೆಯಾಗಬೇಕು. ಹಿತ್ತಾಳೆಯ ಕೋರ್ ಪ್ಲಗ್‌ಗಳು (ಬ್ಲಾಕಿನ ರಂಧ್ರ ಮುಚ್ಚುವ ಬಿರಡೆಗಳು) ಮತ್ತು ತುಕ್ಕು ಹಿಡಿಯದ ಹೆಡ್ ಗ್ಯಾಸ್ಕೆಟ್‌ಗಳು (ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಹಾಳೆಗಳು) ಸುಸ್ಥಿತಿಯಲ್ಲಿದ್ದರೆ ಅವನ್ನು ತೆಗೆಯುವ ಅಗತ್ಯವಿಲ್ಲ. ಕಾರಿನಲ್ಲೂ ಅವು ಚೆನ್ನಾಗಿ ಬಾಳುತ್ತವೆ.

ಹೊಗೆಯನ್ನು ಹೊರಗೊಯ್ಯುವ, ನೀರು ಹರಿಯುವ ಕವಚವುಳ್ಳ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳನ್ನೂ ರಬ್ಬರ್ ಇಂಪೆಲ್ಲರಿನ ಕಡಲನೀರಿನ ಪಂಪನ್ನೂ ಬಿಚ್ಚಿ, ಅದೇ ಕಾಲದ ಷೆವರ್ಲೆಯ ಮ್ಯಾನಿಫೋಲ್ಡ್, ಫ್ಯಾನ್ ಕೂರುವ ವಾಟರ್ ಪಂಪ್ ಮತ್ತು ರೇಡಿಯೇಟರ್ ಅಳವಡಿಸಿ. ಕಡಲನೀರಿನ ಉಪ್ಪು ಒಳಗೆ ಗಟ್ಟಿಕಟ್ಟದಿರಲೆಂದು ದೋಣಿಯಲ್ಲಿ ಸುಮಾರು 60ರಿಂದ 71 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವ ಥರ್ಮೋಸ್ಟಾಟ್ ಇರುತ್ತದೆ. ಕಾರಿಗೆ 82ರಿಂದ 91 ಡಿಗ್ರಿಯದು ಬೇಕು. ಇಲ್ಲವಾದರೆ ಎಂಜಿನ್ ಸರಿಯಾಗಿ ಕಾಯದೆ ಆಯಿಲ್ ಕೆಡುತ್ತದೆ.

ದೋಣಿಯ ಕಾರ್ಬ್ಯುರೇಟರ್ ತುಂಬಿ ಉಕ್ಕಿದ ಪೆಟ್ರೋಲ್ ಹೊರಗೆ ಸುರಿಯದೆ ಎಂಜಿನ್ನಿನೊಳಕ್ಕೇ ಹೋಗುವಂತೆ ರಚಿತವಾಗಿದೆ. ಅದನ್ನು ಕಾರಿನಲ್ಲಿ ಬಳಸಬಹುದಾದರೂ, ಕಾರಿಗೆ ಬೇಕಾದ ವ್ಯಾಕ್ಯೂಮ್ ನಳಿಕೆಗಳು ಅದರಲ್ಲಿ ಇಲ್ಲದಿರುವ ಸಾಧ್ಯತೆಯಿರುವುದರಿಂದ ಕಾರಿನದನ್ನೇ ಹಾಕುವುದು ಉತ್ತಮ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ವಿಷಯವೂ ಹೀಗೆಯೇ: ಹೆಚ್ಚಿನ ಹೊತ್ತು ಭಾರ ಹೊತ್ತೇ ಓಡುವ ದೋಣಿಗೆ ವ್ಯಾಕ್ಯೂಮ್ ಅಡ್ವಾನ್ಸ್ (ಭಾರ ಕಡಿಮೆಯಿದ್ದಾಗ ಕಿಡಿಯನ್ನು ತುಸು ಮುಂಚೆಯೇ ಹೊತ್ತಿಸುವ ಸಾಧನ) ಬೇಕಿಲ್ಲ, ಆದರೆ ಹೆದ್ದಾರಿಯಲ್ಲಿ ಥ್ರಾಟಲ್ ಅರೆ ತೆರೆದು ಸಾಗುವ ಕಾರು ಅದಿಲ್ಲದೆ ಮೈಲೇಜ್ ಕಳೆದುಕೊಳ್ಳುತ್ತದೆ. ಕ್ಯಾಮ್‌ಶಾಫ್ಟ್ ಮಾತ್ರ ಹಾಗೆಯೇ ಇರಲಿ. ಕೆಳವೇಗದಲ್ಲೇ ಟಾರ್ಕ್ ಕೊಡುವ ಅದರ ಗುಣ ಭಾರದ ಪಿಕಪ್ಪಿಗೆ ಬಹಳ ಒಪ್ಪುತ್ತದೆ. ಹೆಡ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಬದಲಿಸುವುದಿದ್ದರೆ ಹೆಡ್ ಯಾವುದೆಂದು ಮೊದಲು ನೋಡಿ. 1996ರಿಂದ ಬಂದ ವೋರ್ಟೆಕ್ ಹೆಡ್‌ಗಳಿಗೆ ಎಂಟು ಬೋಲ್ಟ್‌ಗಳ ಮ್ಯಾನಿಫೋಲ್ಡ್ ಬೇಕು, ಹಳೆಯ ಹನ್ನೆರಡು ಬೋಲ್ಟ್‌ಗಳದು ಕೂರುವುದಿಲ್ಲ.

ಆಯಿಲ್ ಪ್ಯಾನ್ ಕಾರಿನ ಅಡ್ಡತೊಲೆಗೆ ತಗಲುವಂತಿದ್ದರೆ ಅದರಿಂದ ಆಯಿಲ್ ಹೀರುವ ಪಿಕಪ್ ಟ್ಯೂಬ್ ಸಮೇತ ಬದಲಿಸಿ. ಫ್ಲೈವೀಲ್ ಕೂಡ ಬದಲಾಗಬೇಕು. ಆದರೆ 1986ರಿಂದೀಚಿನ, ಒಂದೇ ತುಂಡಿನ ಹಿಂಬದಿ ಸೀಲ್ ಇರುವ ಎಂಜಿನ್ನುಗಳ ಬೋಲ್ಟ್ ವಿನ್ಯಾಸವೂ ಸಮತೋಲನವೂ ಹಳೆಯವುಗಳಿಗಿಂತ ಬೇರೆ ಎಂಬುದನ್ನು ಮರೆತು ಬೇರೆ ಕಾಲದ್ದನ್ನು ತಂದರೆ, ಅದು ಕೂರುವುದೇ ಇಲ್ಲ.

ಭಾರತದಲ್ಲಿ ಈ ಕೆಲಸಕ್ಕೆ ಇಳಿಯುವವರು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ಮೊದಲೇ ಓದಿಕೊಳ್ಳಬೇಕು. ನೋಂದಣಿಯಾದ ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ಅದು ನಿರ್ಬಂಧಿಸುತ್ತದೆ.

ದೋಣಿಯ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್‌ಗಳ ಕಿಡಿ ಹೊರಗಿನ ಪೆಟ್ರೋಲ್ ಆವಿಗೆ ಹತ್ತದಂತೆ ರಕ್ಷಿತವಾಗಿರುವುದರಿಂದ ಅವನ್ನು ಕಾರಿನಲ್ಲಿ ನಿಶ್ಚಿಂತೆಯಿಂದ ಬಳಸಬಹುದು. ಇದಕ್ಕೆ ವಿರುದ್ಧವಾಗಿ, ಕಾರಿನಿಂದ ತೆಗೆದ ಹಳೆಯ ಸ್ಟಾರ್ಟರನ್ನು ಅಗ್ಗಕ್ಕೆ ಸಿಗುತ್ತದೆಂದು ಯಾವ ದೋಣಿಯವರಿಗೂ ಮಾರಬೇಡಿ. ದೋಣಿಯ ಮುಚ್ಚಿದ ತಳದಲ್ಲಿ ಶೇಖರವಾಗುವ ಪೆಟ್ರೋಲ್ ಆವಿ ಅದರ ಒಂದೇ ಕಿಡಿಗೆ ಸ್ಫೋಟಗೊಳ್ಳಬಲ್ಲದು.