ಕುವೆಂಪು ಎಂದು ಹುಡುಕಿದರೆ ಕುವೆಂಪು ಸಿಗಬೇಕು

ತೀರ್ಥಹಳ್ಳಿ ಸೀಮೆಯ ನಮ್ಮೂರಲ್ಲಿ ನಾವೊಂದಷ್ಟು ಜನ ಸೇರಿ ಪುಟ್ಟ ಗ್ರಂಥಾಲಯ ನಡೆಸುತ್ತೇವೆ. ಸಂಬಳ ಯಾರಿಗೂ ಇಲ್ಲ, ವಾರದ ಕೊನೆಗೆ ಮಾತ್ರ ಬಾಗಿಲು ತೆಗೆಯುತ್ತೇವೆ. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಹೇಳಬೇಕಾದರೆ ರಿಜಿಸ್ಟರುಗಳನ್ನೆಲ್ಲ ತಿರುವಿಹಾಕಬೇಕಿತ್ತು. ಅದಕ್ಕೊಂದು ಆ್ಯಪ್ ಮಾಡಿಕೊಡುತ್ತೇನೆ ಎಂದು ನಾನು ಒಪ್ಪಿಕೊಂಡೆ. ವೃತ್ತಿಯಲ್ಲಿ ಲೆಕ್ಕ ಬರೆಯುವವನು. ಎಕ್ಸೆಲ್ ಫಾರ್ಮುಲಾದಾಚೆಗೆ ಏನೂ ಗೊತ್ತಿರಲಿಲ್ಲ. ಕಲಿತದ್ದೆಲ್ಲ ಕೆಲಸ ಮುಗಿಸಿ ಬಂದ ಮೇಲೆ, ಕರೆಂಟ್ ಇದ್ದ ಸಂಜೆಗಳಲ್ಲಿ.

ಆಂಡ್ರಾಯ್ಡ್ ಆ್ಯಪ್ ಬರೆಯುವ ಕಾಟ್ಲಿನ್ ಭಾಷೆ ಬಿಟ್ಟು, ಆ್ಯಪ್ ಕಟ್ಟುವ ಸಲಕರಣೆಯಾದ ಫ್ಲಟರ್ ಹಿಡಿದೆ. ಇದು ಗೂಗಲ್‌ನದು, ಮೊದಲ ಸ್ಥಿರ ಆವೃತ್ತಿ 2018ರ ಡಿಸೆಂಬರಿನಲ್ಲಿ ಬಂತು, ಬರೆಯುವ ಭಾಷೆ ಡಾರ್ಟ್. ನನಗೆ ಹಿಡಿಸಿದ್ದು ಹಾಟ್ ರೀಲೋಡ್: ಕೋಡ್ ಸೇವ್ ಮಾಡಿದ ಕೂಡಲೇ ಫೋನಿನ ಪರದೆ ಬದಲಾಗುತ್ತದೆ. ದಿನಕ್ಕೆ ಒಂದು ತಾಸು ಸಿಕ್ಕರೆ ಹೆಚ್ಚು ಎನ್ನುವವನಿಗೆ ಇದು ಸಣ್ಣ ಉಪಕಾರವಲ್ಲ. ಫೋನನ್ನು ಕಂಪ್ಯೂಟರಿನ ಪರದೆಯಲ್ಲೇ ಅನುಕರಿಸುವ ಎಮ್ಯುಲೇಟರ್ ನನ್ನ 8 ಜಿಬಿ ಲ್ಯಾಪ್‌ಟಾಪಿಗೆ ಭಾರ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ವೈರು ಚುಚ್ಚಿ, ಫೋನಿನಲ್ಲೇ ಎಲ್ಲವನ್ನೂ ನೋಡಿದೆ.

ಪಟ್ಟಿ ತೋರಿಸುವುದು, ಫಾರಂ ತುಂಬಿಸುವುದು, ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಉಳಿಸುವುದು: ಇಷ್ಟೇ ಕಲಿತೆ. ಸ್ಟೇಟ್ ಮ್ಯಾನೇಜ್‌ಮೆಂಟ್‌ಗೆ, ಅಂದರೆ ಮಾಹಿತಿ ಬದಲಾದಂತೆ ಪರದೆಯನ್ನೂ ಬದಲಿಸುವುದಕ್ಕೆ, ಯಾವುದು ಮೇಲು ಎಂಬ ಯೂಟ್ಯೂಬ್ ಜಗಳಗಳಿಂದ ದೂರವೇ ಉಳಿದೆ. ನಾಲ್ಕು ಪರದೆಯ ಆ್ಯಪ್‌ಗೆ ಫ್ಲಟರ್‌ನಲ್ಲೇ ಇರುವ ಸರಳ ವಿಧಾನ ಸೆಟ್‌ಸ್ಟೇಟ್ ಸಾಕು. ಬಾರ್‌ಕೋಡ್ ಸ್ಕ್ಯಾನರ್ ಬೇಕೆಂದು ಹುಡುಗರು ಕೇಳಿದರು. ನಮ್ಮ ಕಪಾಟಿನಲ್ಲಿರುವುದು ಬಹುಪಾಲು ಹಳೆಯ ಕನ್ನಡ ಪುಸ್ತಕಗಳು, ಅವುಗಳ ಬೆನ್ನ ಮೇಲೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ರಿಜಿಸ್ಟರಿನ ಕ್ರಮಸಂಖ್ಯೆಯನ್ನೇ ಉಳಿಸಿಕೊಂಡೆ.

ನಿಜವಾದ ಕೆಲಸ ಶುರುವಾದದ್ದು ಹುಡುಕಾಟದಲ್ಲಿ. ಇಂಗ್ಲಿಷ್ ಪಾಠಗಳಲ್ಲಿ ಸರ್ಚ್ ಎಂದರೆ ಎರಡು ಸಾಲಿನ ಕೋಡ್. ಕನ್ನಡದಲ್ಲಿ ನನ್ನ ಸಂಜೆಗಳ ಹೆಚ್ಚಿನ ಪಾಲನ್ನು ತಿಂದದ್ದು ಅದೇ. ಹಳೆಯ ಪಟ್ಟಿ ‘ನುಡಿ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿತ್ತು; ಆ ಫಾಂಟ್ ಇಲ್ಲದೆ ಅದು ಕನ್ನಡವಾಗಿ ಕಾಣುವುದಿಲ್ಲ. ಅದನ್ನು ಪರಿವರ್ತಕಕ್ಕೆ ಕೊಟ್ಟು, ಎಲ್ಲ ಕಡೆ ನಡೆಯುವ ಅಕ್ಷರಸಂಕೇತವಾದ ಯೂನಿಕೋಡ್ ಮಾಡಿಕೊಂಡೆ. ಕಣ್ಣಿಗೆ ಎಲ್ಲ ಸರಿ. ಆದರೆ ‘ಕೊಡಗು’ ಎಂದು ಟೈಪಿಸಿದರೆ ಎದುರಿಗೇ ಇದ್ದ ಪುಸ್ತಕ ಸಿಗುತ್ತಿರಲಿಲ್ಲ. ಯೂನಿಕೋಡಿನಲ್ಲಿ ‘ಕೊ’ ಎಂಬುದಕ್ಕೆ ಎರಡು ದಾರಿ: ಕಕಾರದ ಜೊತೆ ಒತ್ವದ ಒಂದೇ ಸಂಕೇತ, ಇಲ್ಲವೇ ಎತ್ವ ಮತ್ತು ದೀರ್ಘದ ಕೊಂಬು ಬೇರೆಬೇರೆಯಾಗಿ. ಓದುವವರಿಗೆ ಒಂದೇ, ಯಂತ್ರಕ್ಕೆ ಎರಡು. ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವ ರೂಪಕ್ಕೆ, ತಂದ ಮೇಲೆ ಕೊಡಗು ಸಿಕ್ಕಿತು. ‘ರ‍್ಯಾಂಕ್’ನಂಥ ಪದಗಳ ನಡುವೆ ಕೂತಿರುವ ಕಣ್ಣಿಗೆ ಕಾಣದ ಜೋಡಕವನ್ನೂ ಹುಡುಕುವಾಗ ತೆಗೆದುಹಾಕಬೇಕು.

ಎಸ್‌ಕ್ಯುಲೈಟ್‌ನಲ್ಲಿ ಎಫ್‌ಟಿಎಸ್5 ಎಂಬ ಪೂರ್ಣಪಠ್ಯ ಹುಡುಕಾಟದ ಸೌಲಭ್ಯವಿದೆ. ಅದರ ಮೂಲ ಸೆಟ್ಟಿಂಗ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ, ಗುಣಿತದ ಚಿಹ್ನೆಗಳನ್ನಲ್ಲ. ಹಾಗಾಗಿ ‘ಕುವೆಂಪು’ ಅದರ ಪಾಲಿಗೆ ಕ, ವ, ಪ ಎಂಬ ಮೂರು ಪದ! ತೀರ್ಥಹಳ್ಳಿಯಲ್ಲಿ ಕೂತು ಇದನ್ನು ಸಹಿಸಿಕೊಳ್ಳುವುದು ಹೇಗೆ? ಸೆಟ್ಟಿಂಗ್ ಬದಲಿಸಿ ಆ ಚಿಹ್ನೆಗಳನ್ನೂ ಸೇರಿಸಬಹುದು. ನಮ್ಮದು ಸಣ್ಣ ಪಟ್ಟಿ; ನಾನು ಅದನ್ನು ಬಿಟ್ಟು, ಟೈಪಿಸಿದ ತುಣುಕು ಹೆಸರಿನಲ್ಲಿ ಎಲ್ಲಾದರೂ ಇದೆಯೇ ಎಂದಷ್ಟೇ ನೋಡುವ ಸಾದಾ ಲೈಕ್ ಹುಡುಕಾಟಕ್ಕೆ ಬಂದೆ.

ಅದಕ್ಕೆಂದೇ ಪ್ರತಿ ಪುಸ್ತಕಕ್ಕೂ ಯಾರಿಗೂ ಕಾಣದ ಇನ್ನೊಂದು ಕಾಲಂ ಇಟ್ಟೆ. ಹೆಸರನ್ನೂ ಲೇಖಕರನ್ನೂ ಅಲ್ಲಿ ಸವೆಸಿ ಬರೆಯುತ್ತೇನೆ: ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ, ಶ ಮತ್ತು ಷ ಎರಡೂ ಸ ಆಗುತ್ತವೆ. ಹುಡುಕುವವರು ಟೈಪಿಸಿದ್ದನ್ನೂ ಹಾಗೆಯೇ ಸವೆಸಿ ಹೋಲಿಸುವುದು. ಮಕ್ಕಳು ‘ಕತೆ’ ಎಂದರೂ ‘ಕಥೆ’ ಎಂದರೂ ಸಿಗುತ್ತದೆ. ಳಕಾರವನ್ನು ಲಕಾರದ ಜೊತೆ ಸೇರಿಸಲಿಲ್ಲ. ನಮ್ಮ ಕಡೆ ಯಾರೂ ಮಳೆಯನ್ನು ಮಲೆ ಎಂದು ಬರೆಯುವುದಿಲ್ಲ, ಇಲ್ಲಿ ಎರಡೂ ಧಾರಾಳವಾಗಿವೆ. ಬೇಡದ ಎರಡು ಪುಸ್ತಕ ಪಟ್ಟಿಯಲ್ಲಿ ಬಂದರೆ ಯಾರಿಗೂ ತೊಂದರೆಯಿಲ್ಲ. ಇರುವ ಪುಸ್ತಕವನ್ನು ಇಲ್ಲ ಎಂದರೆ ಮಗು ವಾಪಸ್ ಹೋಗುತ್ತದೆ.

ಉಳಿದವು ಬೇಗ ಆದವು. ಒತ್ತಕ್ಷರದ ಕಾಲು ಕತ್ತರಿಸಿಹೋಗದಂತೆ ಸಾಲಿನ ಎತ್ತರ ಹೆಚ್ಚಿಸಿದೆ. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಹೊರತೆಗೆಯುವಾಗ ಮೊದಲಲ್ಲಿ ಇದು ಯೂನಿಕೋಡ್ ಎಂದು ಹೇಳುವ ಬಿಒಎಂ ಗುರುತು ಸೇರಿಸಿದೆ, ಅದಿಲ್ಲದಿದ್ದರೆ ಎಕ್ಸೆಲ್ ಕನ್ನಡವನ್ನು ಕಲಸುಮೇಲೋಗರ ಮಾಡಿಬಿಡುತ್ತದೆ. ಎರಡು ಫೋನುಗಳ ನಡುವೆ ಸಿಂಕ್ ಮಾಡುವ ಗೊಡವೆಗೆ ಹೋಗಲಿಲ್ಲ. ನೆಟ್‌ವರ್ಕ್ ನೆಚ್ಚಿಕೊಳ್ಳುವ ಊರಲ್ಲ ಇದು. ಗ್ರಂಥಾಲಯದ ಒಂದೇ ಫೋನಿನಲ್ಲಿ ಎಲ್ಲ ಇದೆ, ವಾರಕ್ಕೊಮ್ಮೆ ಪ್ರತಿ ತೆಗೆದಿಡುತ್ತೇವೆ.

ಪ್ಲೇ ಸ್ಟೋರ್‌ಗೂ ಹಾಕಲಿಲ್ಲ. ಅಲ್ಲಿ ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆಯನ್ನೂ ಮಾಡಿಸಬೇಕು; ಮೊದಲು ಈ ಸಂಖ್ಯೆ 20 ಇತ್ತು. ಒಂದು ಫೋನಿಗಾಗಿ ಇಷ್ಟೆಲ್ಲ ಯಾಕೆ ಎಂದು ಆ್ಯಪ್ ಅನುಸ್ಥಾಪಿಸುವ ಎಪಿಕೆ ಕಡತವನ್ನೇ ಫೋನಿಗೆ ನೇರವಾಗಿ ಹಾಕಿಕೊಂಡೆವು. ಆ್ಯಪ್ ನಮ್ಮದೇ ಎಂದು ಗುರುತಿಸಲು ಅದಕ್ಕೆ ಹಾಕುವ ಡಿಜಿಟಲ್ ಸಹಿಯ ಕೀಲಿ ಮುಂದಿನ ಆವೃತ್ತಿಗಳಿಗೂ ಅದೇ ಬೇಕು, ಇಲ್ಲದಿದ್ದರೆ ಆಂಡ್ರಾಯ್ಡ್ ಅಪ್‌ಡೇಟನ್ನು ಒಪ್ಪುವುದಿಲ್ಲ. ಕೀಲಿಯನ್ನೂ ಕೋಡನ್ನೂ ಪೆನ್‌ಡ್ರೈವಿಗೆ ಹಾಕಿ, ಪಾಸ್‌ವರ್ಡ್ ಬರೆದ ಚೀಟಿಯ ಜೊತೆ ಗ್ರಂಥಾಲಯದ ಬೀರುವಿನಲ್ಲಿಟ್ಟಿದ್ದೇನೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಈಗ ಡಾರ್ಟ್ ಕಲಿಯುತ್ತಿದ್ದಾಳೆ. ತಡವಾಗಿ ಪುಸ್ತಕ ತರುವವರ ಪಟ್ಟಿ ತೋರಿಸುವ ಪರದೆ ಅವಳ ಪಾಲಿನದು.